‘ದಿ ಗರ್ಲ್ ಹೂ ಲೆಪ್ಟ್ ಥ್ರೂ ಟೈಮ್’ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲದಲ್ಲಿ ಹಿಂದಕ್ಕೆ ಜಿಗಿಯಬಲ್ಲ ಹುಡುಗಿಯೊಬ್ಬಳ ಕಥೆ ಇದು. ಸಿನಿಮಾ ನೋಡಿ ಎದ್ದವರಿಗೆ ಎರಡು ಥರದ ಪ್ರಶ್ನೆ ಬರುತ್ತವೆ. ಆ ಜಿಗಿತದ ಲೆಕ್ಕ ಹೇಗೆ ಅನ್ನುವುದು ಒಂದು. ಆ ಹುಡುಗಿ ಹಾಗೆ ಯಾಕೆ ಮಾಡಿದಳು ಅನ್ನುವುದು ಇನ್ನೊಂದು. ಎರಡನ್ನೂ ಇಲ್ಲಿ ತೆಗೆದುಕೊಂಡಿದ್ದೇನೆ. ಎರಡನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಸಿನಿಮಾದ ಜೀವ ಇರುವುದು ಅಲ್ಲೇ. ಇನ್ನೂ ನೋಡಿಲ್ಲದವರು ಮೊದಲ ಭಾಗ ಮಾತ್ರ ಓದಿ. ಗುಟ್ಟು ಬಿಚ್ಚುವ ಜಾಗ ಬಂದಾಗ ಮುಂಚೆಯೇ ಹೇಳುತ್ತೇನೆ.

ಯಾವ ಸಿನಿಮಾ ಇದು? ಯಾರು ಮಾಡಿದ್ದು?

ಜಪಾನಿನ ಅನಿಮೇಷನ್ ಸಿನಿಮಾ. ಅಲ್ಲಿನ ಹೆಸರು ‘ತೋಕಿ ಓ ಕಾಕೆರು ಶೋಜೋ’. 2006ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ಮಾಮೊರು ಹೊಸೊದಾ, ಸ್ಟುಡಿಯೊ ಮ್ಯಾಡ್‌ಹೌಸ್, ಚಿತ್ರಕಥೆ ಸಾತೊಕೊ ಒಕುದೆರಾ ಅವರದು. ಒಟ್ಟು 98 ನಿಮಿಷ.

ಹೊಸೊದಾ ಅದಕ್ಕೂ ಮುಂಚೆ ತೋಯೆ ಅನಿಮೇಷನ್ ಕಂಪನಿಯಲ್ಲಿದ್ದವರು. ಮಧ್ಯೆ ಜಪಾನಿನ ಹೆಸರಾಂತ ಅನಿಮೇಷನ್ ಸಂಸ್ಥೆ ಸ್ಟುಡಿಯೊ ಘಿಬ್ಲಿಯ ಒಂದು ದೊಡ್ಡ ಚಿತ್ರಕ್ಕೆ ನಿರ್ದೇಶಕರಾಗಿ ಆಯ್ಕೆಯಾಗಿದ್ದರು. ಆ ಕೆಲಸ ಕೂಡಿಬರಲಿಲ್ಲ, ಅರ್ಧಕ್ಕೆ ಹೊರಬಂದರು. ಅದಾಗಿ ಕೆಲವೇ ವರ್ಷಗಳಿಗೆ ಬಂದಿದ್ದು ಈ ಸಿನಿಮಾ. ಮೊದಲು ಬೆರಳೆಣಿಕೆಯ ಚಿತ್ರಮಂದಿರಗಳಲ್ಲಷ್ಟೇ ತೆರೆಕಂಡಿತು. ನೋಡಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ ಓಡಿತು. ಜಪಾನ್ ಅಕಾಡೆಮಿ ಪ್ರಶಸ್ತಿಯಲ್ಲಿ ವರ್ಷದ ಅತ್ಯುತ್ತಮ ಅನಿಮೇಷನ್ ಅನ್ನುವ ವಿಭಾಗ ಶುರುವಾಗಿದ್ದು 2007ರಲ್ಲಿ. ಅದನ್ನು ಮೊದಲ ಸಲ ಗೆದ್ದಿದ್ದು ಇದೇ ಚಿತ್ರ.

ಕಥೆ ಏನು? ಗುಟ್ಟು ಬಿಟ್ಟುಕೊಡದೆ ಹೇಳಿ.

ಮಕೊತೊ ಕೊನ್ನೊ ಟೋಕಿಯೊದಲ್ಲಿ ಹೈಸ್ಕೂಲು ಓದುವ ಹದಿನೇಳರ ಹುಡುಗಿ. ಬೆಳಗ್ಗೆ ತಡವಾಗಿ ಏಳುತ್ತಾಳೆ. ಪರೀಕ್ಷೆಯಲ್ಲಿ ಅಷ್ಟಕ್ಕಷ್ಟೆ. ಚಿಯಾಕಿ, ಕೊಸುಕೆ ಅಂತ ಇಬ್ಬರು ಗೆಳೆಯರು. ಕ್ಲಾಸು ಮುಗಿದ ಮೇಲೆ ಮೂವರೂ ಸೇರಿ ಬೇಸ್‌ಬಾಲ್ ಎಸೆದು ಹಿಡಿಯುವುದು ದಿನದ ರೂಢಿ.

ಜುಲೈ 13ರಂದು ಅವಳಿಗೆ ಯಾವುದೂ ನೆಟ್ಟಗಾಗುವುದಿಲ್ಲ. ಪ್ರಯೋಗಶಾಲೆಯ ಪಕ್ಕದ ಕೋಣೆಯಲ್ಲಿ ಜಾರಿ ಬೀಳುತ್ತಾಳೆ. ಆಮೇಲೆ ಸೈಕಲ್ಲಿನಲ್ಲಿ ಇಳಿಜಾರು ಇಳಿಯುವಾಗ ಬ್ರೇಕ್ ಹಿಡಿಯುವುದಿಲ್ಲ. ಕೆಳಗೆ ರೈಲ್ವೆ ಗೇಟು, ರೈಲು ಬರುತ್ತಿದೆ. ಸತ್ತೇ ಹೋದೆ ಅಂದುಕೊಂಡ ಗಳಿಗೆಯಲ್ಲಿ ಕೆಲವು ನಿಮಿಷ ಹಿಂದಕ್ಕೆ ಬಂದು ಬಿದ್ದಿರುತ್ತಾಳೆ. ಹೀಗೆ ಜಿಗಿಯುವುದು ತನ್ನ ಕೈಯಲ್ಲಿದೆ ಅಂತ ಗೊತ್ತಾದ ಮೇಲೆ ಅವಳು ಅದನ್ನು ಏನಕ್ಕೆ ಬಳಸುತ್ತಾಳೆ ಅನ್ನುವುದೇ ಕಥೆ.

ಲೋಕ ಉಳಿಸುವುದಕ್ಕಂತೂ ಅಲ್ಲ. ತಂಗಿ ತಿಂದುಬಿಟ್ಟ ಪುಡ್ಡಿಂಗ್ ತಾನು ತಿನ್ನುವುದಕ್ಕೆ. ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆಯುವುದಕ್ಕೆ. ಕರಾವೋಕೆ ಕೋಣೆಯಲ್ಲಿ ಟೈಮು ಮುಗಿದಾಗಲೆಲ್ಲ ಹಿಂದೆ ಹೋಗಿ ಗಂಟಲು ಕಟ್ಟುವವರೆಗೆ ಹಾಡುವುದಕ್ಕೆ. ಹದಿನೇಳರ ವಯಸ್ಸಿಗೆ ಈ ಶಕ್ತಿ ಸಿಕ್ಕರೆ ಯಾರಾದರೂ ಮಾಡುವುದು ಇದನ್ನೇ ಅಲ್ವಾ?

ಟೈಮ್ ಟ್ರಾವೆಲ್ ಕಥೆ ತಲೆಗೆ ಹತ್ತದವರೂ ನೋಡಬಹುದಾ?

ಖಂಡಿತ. ಯಂತ್ರ, ಸೂತ್ರ, ಉದ್ದುದ್ದ ವಿವರಣೆ ಯಾವುದೂ ಇಲ್ಲ. ಓಡಬೇಕು, ಜಿಗಿಯಬೇಕು, ಅಷ್ಟೆ. ಸಿನಿಮಾದ ಮುಕ್ಕಾಲು ಭಾಗ ಶಾಲೆ, ಮನೆ, ನದಿ ದಂಡೆ, ಆಟದ ಮೈದಾನದಲ್ಲೇ ನಡೆಯುತ್ತದೆ.

ಮೂಲ ಕಾದಂಬರಿ ಓದಿರಬೇಕಾ?

ಬೇಕಿಲ್ಲ. ಯಾಸುತಾಕಾ ತ್ಸುತ್ಸುಯಿ ಅವರ ಕಾದಂಬರಿ ವಿದ್ಯಾರ್ಥಿಗಳ ಪತ್ರಿಕೆಗಳಲ್ಲಿ 1965ರಿಂದ ಧಾರಾವಾಹಿಯಾಗಿ ಬಂದು, 1967ರಲ್ಲಿ ಪುಸ್ತಕವಾಯಿತು. ಆಮೇಲೆ ಜಪಾನಿನಲ್ಲಿ ಅದು ಪ್ರತಿ ತಲೆಮಾರಿಗೂ ಹೊಸದಾಗಿ ಹುಟ್ಟಿಬಂದಿದೆ. 1972ರಲ್ಲಿ ಟಿವಿ ಧಾರಾವಾಹಿ ಆಯಿತು. 1983ರಲ್ಲಿ ನೊಬುಹಿಕೊ ಒಬಾಯಾಶಿ ಸಿನಿಮಾ ಮಾಡಿದರು. ಅದರ ನಾಯಕಿ ತೊಮೊಯೊ ಹರಾದಾ ಮನೆಮಾತಾದರು.

ಹೊಸೊದಾ ಅದೇ ಕಥೆಯನ್ನು ಮತ್ತೆ ಹೇಳಲಿಲ್ಲ. ಕಾದಂಬರಿಯಲ್ಲಿ ನಡೆದದ್ದೆಲ್ಲ ನಡೆದು ಎಷ್ಟೋ ವರ್ಷಗಳಾದ ಮೇಲೆ, ಬೇರೆ ಹುಡುಗಿಗೆ ಅಂಥದೇ ಶಕ್ತಿ ಸಿಕ್ಕರೆ ಏನಾಗುತ್ತದೆ ಅಂತ ಹೊಸ ಕಥೆ ಕಟ್ಟಿದರು. ಅದಕ್ಕೇ ಹಳೆಯದು ಗೊತ್ತಿಲ್ಲದವರಿಗೂ ಇದು ಪೂರ್ತಿ ಅರ್ಥವಾಗುತ್ತದೆ, ಗೊತ್ತಿದ್ದವರಿಗೆ ಒಂದೆರಡು ಕಡೆ ಎದೆ ಝಲ್ಲೆನ್ನುತ್ತದೆ. ಇನ್ನೊಂದು ವಿಷಯ. ತ್ಸುತ್ಸುಯಿ ಅವರ ಬೇರೊಂದು ಕಾದಂಬರಿ ‘ಪಪ್ರಿಕಾ’ ಕೂಡ ಅದೇ 2006ರಲ್ಲಿ, ಅದೇ ಮ್ಯಾಡ್‌ಹೌಸ್‌ನಿಂದ, ಸತೋಶಿ ಕೊನ್ ನಿರ್ದೇಶನದಲ್ಲಿ ಸಿನಿಮಾ ಆಯಿತು. ಒಬ್ಬ ಲೇಖಕನಿಗೆ ಇದಕ್ಕಿಂತ ಒಳ್ಳೆಯ ವರ್ಷ ಬೇಕಾ!

ಮಕ್ಕಳ ಜೊತೆ ನೋಡಬಹುದಾ?

ಹತ್ತು ವರ್ಷ ದಾಟಿದ ಮಕ್ಕಳ ಜೊತೆ ಆರಾಮಾಗಿ ನೋಡಬಹುದು. ರೈಲ್ವೆ ಗೇಟಿನ ದೃಶ್ಯಗಳು ಭಯ ಹುಟ್ಟಿಸುತ್ತವೆ. ಶಾಲೆಯಲ್ಲಿ ಒಬ್ಬ ಹುಡುಗನನ್ನು ಕಾಡುವ ದೃಶ್ಯವೂ ಇದೆ. ಅದು ಬಿಟ್ಟರೆ ಮುಜುಗರದ್ದು ಏನೂ ಇಲ್ಲ. ಚಿಕ್ಕವರು ಪುಡ್ಡಿಂಗ್, ಪಲ್ಟಿ ನೋಡಿ ನಗುತ್ತಾರೆ. ಹದಿಹರೆಯದವರು ಸುಮ್ನೆ ಕೂತುಬಿಡುತ್ತಾರೆ.

ಪಾತ್ರಗಳ ಮುಖದ ಮೇಲೆ ನೆರಳೇ ಇಲ್ಲವಲ್ಲ, ಯಾಕೆ?

ಇದನ್ನು ಗಮನಿಸಿದವರ ಕಣ್ಣು ಚುರುಕು. ಸಾಮಾನ್ಯವಾಗಿ ಅನಿಮೆಯಲ್ಲಿ, ಅಂದರೆ ಜಪಾನೀ ಅನಿಮೇಷನ್‌ನಲ್ಲಿ, ಮುಖ, ಬಟ್ಟೆಯ ಮೇಲೆ ಗಾಢ ಬಣ್ಣದ ನೆರಳಿನ ತುಂಡುಗಳನ್ನು ಹಾಕುತ್ತಾರೆ. ಹೊಸೊದಾ ಅದನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದಾರೆ. ಗೆರೆ ಮತ್ತು ಸಪಾಟು ಬಣ್ಣ, ಅಷ್ಟೆ. ನೆರಳು ಹಾಕುವ ಕೆಲಸ ತಪ್ಪಿದಾಗ ಚಲನೆಗೆ ಜಾಸ್ತಿ ಗಮನ ಕೊಡಬಹುದು. ಮಕೊತೊ ಬೀಳುವುದು, ಉರುಳುವುದು, ಮುಖ ಹಿಂಡಿಕೊಂಡು ಅಳುವುದು ಅಷ್ಟು ನೈಜವಾಗಿ ಬಂದಿರುವುದಕ್ಕೆ ಇದೂ ಒಂದು ಕಾರಣ. ಪಾತ್ರಗಳ ರೂಪ ಕೊಟ್ಟವರು ಯೊಶಿಯುಕಿ ಸದಾಮೊತೊ.

ಹಿನ್ನೆಲೆ ಇದಕ್ಕೆ ಪೂರ್ತಿ ಉಲ್ಟಾ. ಕಲಾ ನಿರ್ದೇಶಕ ನಿಜೊ ಯಾಮಾಮೊತೊ ಘಿಬ್ಲಿಯ ಹಲವು ಚಿತ್ರಗಳಿಗೆ ಕೆಲಸ ಮಾಡಿದವರು. ಅವರು ಬಿಡಿಸಿದ ಬೇಸಿಗೆಯ ಮೋಡಗಳನ್ನು ನೋಡಿ, ಬಿಳಿ ಬಿಳಿಯಾಗಿ ಪದರ ಪದರವಾಗಿ ಆಕಾಶದ ಅರ್ಧಕ್ಕೆ ಎದ್ದು ನಿಂತಿರುತ್ತವೆ. ತರಗತಿಯ ಕಪ್ಪುಹಲಗೆ, ಮೆಟ್ಟಿಲ ಅಂಚು, ಗೋಡೆಗೆ ಬಿದ್ದ ಬಿಸಿಲು ಎಲ್ಲದರಲ್ಲೂ ಬೆಳಕು, ನೆರಳು ತುಂಬಿದೆ. ಅಂಥ ಭಾರದ ಜಗತ್ತಿನಲ್ಲಿ ಈ ಹಗುರ ಹುಡುಗಿ ಓಡುತ್ತಾಳೆ.

ಇನ್ನೊಂದು ಗಮನಿಸಿ. ಕೆಲವು ಜಾಗಗಳನ್ನು ಪ್ರತಿ ಸಲವೂ ಒಂದೇ ಕೋನದಿಂದ ತೋರಿಸುತ್ತಾರೆ. ಕವಲೊಡೆಯುವ ರಸ್ತೆ, ಆಟದ ಮೈದಾನ, ಇಳಿಜಾರು. ಚೌಕಟ್ಟು ಅದೇ ಇದ್ದಾಗ ಬದಲಾದದ್ದು ಏನು ಅಂತ ತಟ್ಟನೆ ಕಾಣುತ್ತದೆ. ಒಂದೇ ದಿನವನ್ನು ಮತ್ತೆ ಮತ್ತೆ ಬದುಕುವ ಕಥೆಗೆ ಇದಕ್ಕಿಂತ ಸರಿಯಾದ ದಾರಿ ನನಗೆ ಕಾಣುವುದಿಲ್ಲ.

ಹಾಡು, ಸಂಗೀತ ಯಾರದು?

ಸಂಗೀತ ಕಿಯೊಶಿ ಯೊಶಿದಾ. ‘ಗಾರ್ನೆಟ್’ ಮತ್ತು ‘ಕಾವಾರಾನೈ ಮೋನೋ’ ಹಾಡುಗಳು ಹಾನಾಕೊ ಒಕು ಅವರವು. ನಡುವೆ ಕೇಳುವ ಪಿಯಾನೊ ಜರ್ಮನ್ ಸಂಗೀತಗಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್. ಒಂದೇ ರಾಗವನ್ನು ಬೇರೆ ಬೇರೆ ರೀತಿ ನುಡಿಸಿ ಕೊನೆಗೆ ಮೊದಲಿನದಕ್ಕೇ ಮರಳುವ ಕೃತಿ ಅದು. ಈ ಕಥೆಗೆ ಎಷ್ಟು ಹೊಂದುತ್ತದೆ ನೋಡಿ.

ಇಲ್ಲಿಂದ ಮುಂದೆ ಇಡೀ ಕಥೆಯ ಗುಟ್ಟು ಇದೆ. ಸಿನಿಮಾ ನೋಡಿಲ್ಲದಿದ್ದರೆ ಇಲ್ಲೇ ನಿಲ್ಲಿಸಿ, ನೋಡಿ ಬನ್ನಿ.

ಜಿಗಿತದ ನಿಯಮಗಳೇನು?

ಶಕ್ತಿ ಬಂದಿದ್ದು ಆ ಕೋಣೆಯಲ್ಲಿ ಅವಳು ಬಿದ್ದಾಗ ಅಡಿಯಲ್ಲಿ ಸಿಕ್ಕ, ಅಕ್ರೋಟಿನ ಆಕಾರದ ಸಣ್ಣ ವಸ್ತುವಿನಿಂದ. ಅದು ಭವಿಷ್ಯದಿಂದ ಬಂದ ಸಾಧನ. ಒಮ್ಮೆ ಮುಟ್ಟಿದವರ ಮೈಗೆ ‘ಚಾರ್ಜ್’ ಆಗುತ್ತದೆ. ಎಷ್ಟು ಜಿಗಿತ ಉಳಿದಿದೆ ಅನ್ನುವುದು ತೋಳಿನ ಮೇಲೆ ಹಚ್ಚೆಯ ಹಾಗೆ ಎರಡಂಕಿಯಲ್ಲಿ ಮೂಡುತ್ತದೆ. ಮಕೊತೊ ಅದನ್ನು ಗಮನಿಸುವುದೇ ತಡವಾಗಿ. ಅಷ್ಟು ಹೊತ್ತಿಗೆ ಬಹುಪಾಲು ಖರ್ಚಾಗಿರುತ್ತದೆ.

ಜಿಗಿದವರಿಗೆ ಹಿಂದಿನದೆಲ್ಲ ನೆನಪಿರುತ್ತದೆ, ಉಳಿದವರಿಗೆ ಏನೂ ಇರುವುದಿಲ್ಲ. ಈ ಒಂದು ನಿಯಮವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ಕಥೆಯ ನೋವೆಲ್ಲ ಹುಟ್ಟುವುದು ಅದರಿಂದಲೇ.

ಹಿಂದೆ ಹೋದಾಗ ಅಲ್ಲಿ ಇನ್ನೊಬ್ಬ ಮಕೊತೊ ಯಾಕೆ ಇಲ್ಲ?

ಅವಳು ಹಿಂದಿನ ಕಾಲಕ್ಕೆ ಅತಿಥಿಯಾಗಿ ಹೋಗುವುದಿಲ್ಲ. ಆ ಗಳಿಗೆಯ ಮಕೊತೊಳ ಜಾಗದಲ್ಲೇ ಬಂದು ನಿಲ್ಲುತ್ತಾಳೆ. ಅದಕ್ಕೇ ಇಬ್ಬರು ಎದುರಾಗುವ ಗೊಂದಲ ಈ ಸಿನಿಮಾದಲ್ಲಿ ಇಲ್ಲ.

ಎಲ್ಲ ಜಿಗಿತ ಮುಗಿದಿದ್ದವಲ್ಲ, ಕೊನೆಗೆ ಒಂದು ಹೇಗೆ ಉಳಿಯಿತು?

ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ಒಂದೊಂದಾಗಿ ನೋಡೋಣ.

ಚಿಯಾಕಿ ಫೋನು ಮಾಡಿ ‘ನೀನು ಟೈಮ್ ಲೀಪ್ ಮಾಡ್ತಿದ್ದೀಯಾ?’ ಅಂತ ನೇರವಾಗಿ ಕೇಳುತ್ತಾನೆ. ಉತ್ತರಿಸಲಾಗದೆ ಮಕೊತೊ ತನ್ನ ಕೊನೆಯ ಜಿಗಿತವನ್ನು ಆ ಪ್ರಶ್ನೆ ತಪ್ಪಿಸುವುದಕ್ಕೇ ಕಳೆದುಬಿಡುತ್ತಾಳೆ. ತೋಳಿನಲ್ಲಿ ಸೊನ್ನೆ. ಅದಾದ ಕೂಡಲೇ ಕೊಸುಕೆ ಮತ್ತು ಅವನನ್ನು ಇಷ್ಟಪಡುವ ಹುಡುಗಿ ಕಾಹೊ, ಮಕೊತೊಳ ಬ್ರೇಕಿಲ್ಲದ ಸೈಕಲ್ಲು ಹತ್ತಿ ಅದೇ ಇಳಿಜಾರಿಗೆ ಹೋಗಿದ್ದಾರೆ ಅಂತ ಗೊತ್ತಾಗುತ್ತದೆ. ಅವಳು ಏನೂ ಮಾಡಲಾರಳು.

ಅವರನ್ನು ಉಳಿಸುವವನು ಚಿಯಾಕಿ. ಅವನು ಭವಿಷ್ಯದಿಂದ ಬಂದವನು. ಅವನ ಬಳಿಯೂ ಒಂದೇ ಜಿಗಿತ ಉಳಿದಿರುತ್ತದೆ, ತನ್ನ ಕಾಲಕ್ಕೆ ಮರಳುವುದಕ್ಕೆ ಇಟ್ಟುಕೊಂಡದ್ದು. ಗೆಳೆಯನ ಜೀವಕ್ಕಾಗಿ ಅದನ್ನು ಬಳಸಿ ಹಿಂದಕ್ಕೆ ಹೋಗುತ್ತಾನೆ. ಹೀಗೆ ಕಾಲ ಹಿಂದೆ ಸರಿದಾಗ, ಮಕೊತೊ ತನ್ನ ಕೊನೆಯ ಜಿಗಿತ ಬಳಸುವುದಕ್ಕೂ ಮುಂಚಿನ ಗಳಿಗೆ ವಾಪಸ್ ಬರುತ್ತದೆ. ಅವಳ ತೋಳಿನಲ್ಲಿ ಮತ್ತೆ 01. ಅವನು ಉಳಿಸಿದ್ದು ಕೊಸುಕೆಯನ್ನು, ಆದರೆ ಗೊತ್ತಿಲ್ಲದೆ ಅವಳಿಗೂ ಒಂದು ಅವಕಾಶ ವಾಪಸ್ ಕೊಟ್ಟಿದ್ದಾನೆ.

ಹಾಗಾದರೆ ಚಿಯಾಕಿ ತನ್ನ ಕಾಲಕ್ಕೆ ಮರಳಿದ್ದು ಹೇಗೆ?

ಮಕೊತೊ ಆ 01 ಬಳಸಿ ಜುಲೈ 13ಕ್ಕೆ, ಪ್ರಯೋಗಶಾಲೆಯ ಆ ಕೋಣೆಗೇ ಹೋಗುತ್ತಾಳೆ. ಆ ಹೊತ್ತಿಗೆ ಚಿಯಾಕಿ ತನ್ನ ಕೊನೆಯ ಜಿಗಿತ ಇನ್ನೂ ಖರ್ಚು ಮಾಡಿಲ್ಲ. ಅವನಿಗೆ ಎಲ್ಲ ಹೇಳಿದರೆ ಸಾಕು, ಅದನ್ನು ಬಳಸಿ ಅವನು ಹೋಗಬಹುದು. ಅಂದರೆ ಅವಳು ತನ್ನ ಕೊನೆಯ ಜಿಗಿತವನ್ನು ಅವನನ್ನು ಕಳಿಸಿಕೊಡುವುದಕ್ಕೇ ಬಳಸಿದಳು. ಅವನು ಇಲ್ಲೇ ಉಳಿಯಲಿ ಅನ್ನುವ ಆಸೆ ಅವಳಿಗೆ ಇರಲಿಲ್ಲವಾ? ಇತ್ತು. ಅದಕ್ಕೇ ಆ ಅಳು.

ಈ ಲೆಕ್ಕದಲ್ಲಿ ತಪ್ಪೇ ಇಲ್ವಾ?

ಇದೆ. ಚಿಯಾಕಿ ಜಿಗಿದಾಗ ಮಕೊತೊಗೆ ಆ ಅಪಘಾತ ಯಾಕೆ ನೆನಪಿದೆ? ಜಿಗಿದವರಿಗೆ ಮಾತ್ರ ನೆನಪು ಅನ್ನುವುದಾದರೆ ಅವಳಿಗೆ ಇರಬಾರದಿತ್ತು. ಇದಕ್ಕೆ ಸಿನಿಮಾ ನೇರ ಉತ್ತರ ಕೊಡುವುದಿಲ್ಲ. ಇಂಥದ್ದು ಹುಡುಕುತ್ತ ಹೋದರೆ ಇನ್ನೂ ಒಂದೆರಡು ಸಿಗುತ್ತವೆ. ನನಗೆ ಅವು ಯಾವತ್ತೂ ಅಡ್ಡ ಬಂದಿಲ್ಲ. ಪಾತ್ರಗಳ ಮನಸ್ಸಿನ ಲೆಕ್ಕ ಎಲ್ಲೂ ತಪ್ಪಿಲ್ಲ.

ಚಿಯಾಕಿಯ ಮಾತನ್ನು ಮಕೊತೊ ಯಾಕೆ ಅಷ್ಟು ಸಲ ಅಳಿಸುತ್ತಾಳೆ? ಅವಳು ಸ್ವಾರ್ಥಿಯಾ?

ನನ್ನ ಪ್ರಕಾರ ಇಡೀ ಸಿನಿಮಾ ನಿಂತಿರುವುದು ಈ ಪ್ರಶ್ನೆಯ ಮೇಲೆ.

ದೃಶ್ಯ ನೆನಪು ಮಾಡಿಕೊಳ್ಳಿ. ಸಂಜೆ, ನದಿ ದಂಡೆಯ ರಸ್ತೆ. ಚಿಯಾಕಿ ಸೈಕಲ್ ತುಳಿಯುತ್ತಿದ್ದಾನೆ, ಮಕೊತೊ ಹಿಂದೆ ಇದ್ದಾಳೆ. ಮುಖ ನೋಡಿಕೊಂಡು ಹೇಳಲಾರದ್ದನ್ನು ಅವನು ಬೆನ್ನು ಹಾಕಿಕೊಂಡು ಹೇಳುತ್ತಾನೆ: ‘ಮಕೊತೊ, ನಾವಿಬ್ಬರೂ ಜೊತೆಯಾಗೋಣ್ವಾ?’ ಅವಳು ಗಾಬರಿಯಾಗಿ ಹಿಂದಕ್ಕೆ ಜಿಗಿಯುತ್ತಾಳೆ. ಈ ಸಲ ಮಾತು ಬೇರೆ ಕಡೆ ಎಳೆಯುತ್ತಾಳೆ. ಆದರೂ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ. ಮತ್ತೆ ಜಿಗಿತ. ಕೊನೆಗೆ ಅವನ ಸೈಕಲ್ಲೇ ಹತ್ತದೆ ತಪ್ಪಿಸಿಕೊಳ್ಳುತ್ತಾಳೆ.

ಮೊದಲ ಸಲ ನೋಡುವಾಗ ನಗು ಬರುತ್ತದೆ. ಎರಡನೇ ಸಲ ಚಿಯಾಕಿಯ ಕಡೆಯಿಂದ ನೋಡಿ. ಎಷ್ಟು ದಿನದಿಂದ ಧೈರ್ಯ ಕೂಡಿಸಿಕೊಂಡು ಆ ಮಾತು ಆಡಿದನೋ! ಅದು ಆಡಿಯೇ ಇಲ್ಲ ಅನ್ನುವ ಹಾಗೆ ಮಾಡಿಬಿಟ್ಟಳು. ಪುಡ್ಡಿಂಗ್ ತಿನ್ನುವುದಕ್ಕೆ ಹಿಂದೆ ಹೋದಾಗ ತಂಗಿಗೆ ಸಣ್ಣ ನಷ್ಟ. ಇಲ್ಲಿ ಕದ್ದದ್ದು ಒಬ್ಬನ ಧೈರ್ಯವನ್ನು. ಅವನಿಗೆ ಅದು ಕಳೆದುಹೋಗಿದೆ ಅಂತಲೂ ಗೊತ್ತಿಲ್ಲ. ಗೊತ್ತಿರುವವಳು ಅವಳೊಬ್ಬಳೇ. ಅವನು ಅವಳ ಗೆಳತಿ ಯೂರಿಯ ಜೊತೆ ಓಡಾಡತೊಡಗಿದಾಗ ಅವಳಿಗೆ ಆಗುವ ಸಂಕಟವನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ. ನಡೆಯದೇ ಇದ್ದ ಮಾತಿನ ಬಗ್ಗೆ ಏನಂತ ಹೇಳುವುದು?

ಅವಳನ್ನು ಸ್ವಾರ್ಥಿ ಅಂತ ನಾನು ಕರೆಯುವುದಿಲ್ಲ. ಅವಳಿಗೆ ಮೂವರ ಆಟ ಹಾಗೇ ಉಳಿಯಬೇಕಿತ್ತು. ಚೆಂಡು ಎಸೆಯುವುದು, ತಡವಾಗಿ ಬರುವುದು, ಒಬ್ಬರನ್ನೊಬ್ಬರು ಕಾಡಿಸುವುದು. ಯಾರಾದರೂ ಪ್ರೀತಿ ಅಂದರೆ ಅದೆಲ್ಲ ಮುಗಿದೇ ಹೋಗುತ್ತದೆ ಅನ್ನುವ ಭಯ. ಆ ಭಯ ಹದಿನೇಳಕ್ಕೆ ಸಹಜ. ಅವಳ ಕೊನೆಯ ಜಿಗಿತ ಕೂಡ ಚಿಯಾಕಿಯ ಇನ್ನೊಂದು ಪ್ರಶ್ನೆಯನ್ನು ತಪ್ಪಿಸುವುದಕ್ಕೇ ಹೋಯಿತು ಅನ್ನುವುದನ್ನು ಮರೆಯಬೇಡಿ. ಚಿತ್ರಕಥೆ ಎಷ್ಟು ಹದವಾಗಿದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಬೆಂಕಿ ನಂದಿಸುವ ಸಿಲಿಂಡರ್ ಎಸೆಯುವ ಹುಡುಗ ತಕಾಸೆಗೆ ಏನಾಯಿತು?

ಅವನ ಬಗ್ಗೆ ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಇದು. ಅಡುಗೆ ಕ್ಲಾಸಿನಲ್ಲಿ ಎಣ್ಣೆಗೆ ಬೆಂಕಿ ಹತ್ತುವುದು ಮಕೊತೊಳ ಕೈಯಲ್ಲಿ ಆಗಬೇಕಾಗಿದ್ದ ಅನಾಹುತ. ಅವಳು ಹಿಂದೆ ಹೋಗಿ ಜಾಗ ಅದಲುಬದಲು ಮಾಡಿಕೊಂಡಾಗ ಅದು ತಕಾಸೆಯ ತಲೆಗೆ ಬಂತು. ಆಮೇಲೆ ಕ್ಲಾಸಿನವರು ಅವನನ್ನು ಕಾಡುತ್ತಾರೆ. ಅವನ ಸಿಟ್ಟು ಮಕೊತೊ ಮೇಲೆ ತಿರುಗುತ್ತದೆ. ‘ನಿನಗೆ ಒಳ್ಳೆಯದಾದಾಗ ಇನ್ಯಾರಿಗೋ ಕೆಟ್ಟದಾಗಿರಬಹುದಲ್ಲವಾ’ ಅನ್ನುವ ಅರ್ಥದ ಮಾತನ್ನು ಅವಳ ಚಿಕ್ಕಮ್ಮ ಮೊದಲೇ ಹೇಳಿರುತ್ತಾಳೆ. ತಕಾಸೆಯೇ ಆ ‘ಇನ್ಯಾರೋ’. ಅವನಿಗೆ ಸಿನಿಮಾ ಇನ್ನೂ ಸ್ವಲ್ಪ ಸಮಯ ಕೊಡಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಎಲ್ಲವನ್ನೂ ಅಷ್ಟು ತಣ್ಣಗೆ ಕೇಳಿಸಿಕೊಳ್ಳುವ ಆ ಚಿಕ್ಕಮ್ಮ ಯಾರು?

ಮಕೊತೊ ಅವಳನ್ನು ‘ಮಾಟಗಾತಿ ಆಂಟಿ’ ಅಂತ ಕರೆಯುತ್ತಾಳೆ. ನಿಜವಾದ ಹೆಸರು ಕಜುಕೊ ಯೊಶಿಯಾಮಾ. ಅದು 1967ರ ಕಾದಂಬರಿಯ ನಾಯಕಿಯ ಹೆಸರು! ಕಾದಂಬರಿಯಲ್ಲಿ ಲ್ಯಾವೆಂಡರ್ ವಾಸನೆಯಿಂದ ಕಜುಕೊಗೆ ಕಾಲದಲ್ಲಿ ಜಿಗಿಯುವ ಶಕ್ತಿ ಬರುತ್ತದೆ. ಭವಿಷ್ಯದಿಂದ ಬಂದ ಹುಡುಗನೊಬ್ಬ ಅವಳ ನೆನಪು ಅಳಿಸಿ ಹೊರಟುಹೋಗುತ್ತಾನೆ. ಸಿನಿಮಾದಲ್ಲಿ ಅವಳ ಕೋಣೆಯನ್ನು ಗಮನವಿಟ್ಟು ನೋಡಿ. ಲ್ಯಾವೆಂಡರ್ ಇದೆ, ಶಾಲೆಯ ದಿನಗಳ ಒಂದು ಹಳೆಯ ಫೋಟೊ ಇದೆ.

ತನಗೇ ನಡೆದಿದ್ದರಿಂದ ಅವಳಿಗೆ ಆಶ್ಚರ್ಯವಾಗುವುದಿಲ್ಲ. ಆ ವಯಸ್ಸಿನ ಹುಡುಗಿಯರಿಗೆ ಹೀಗಾಗುವುದು ಉಂಟು ಅಂತ ಸಲೀಸಾಗಿ ಹೇಳಿಬಿಡುತ್ತಾಳೆ. ಕೊನೆಯ ಕಡೆ ಅವಳು ಹೇಳುವುದರ ಸಾರ ಇಷ್ಟು: ನಾನು ಕಾಯುತ್ತ ಕೂತವಳು, ನೀನು ಹಾಗಲ್ಲ. ಯಾರಾದರೂ ತಡವಾಗಿ ಬಂದರೆ ನೀನೇ ಓಡಿಹೋಗಿ ಕರೆತರುವವಳು. ಇದನ್ನು ಕೇಳಿದ ಮೇಲೇ ಮಕೊತೊ ಓಡುತ್ತಾಳೆ.

ಮ್ಯೂಸಿಯಮ್ಮಿನ ಆ ಚಿತ್ರ ನಿಜವಾಗಿ ಇದೆಯಾ? ಚಿಯಾಕಿಗೆ ಅದು ಯಾಕೆ ಬೇಕಿತ್ತು?

ಚಿಕ್ಕಮ್ಮ ಹಳೆಯ ಚಿತ್ರಗಳನ್ನು ಸರಿಪಡಿಸುವ ಕೆಲಸ ಮಾಡುವ ಮ್ಯೂಸಿಯಂ ನಿಜ. ಅದು ಉಏನೊದಲ್ಲಿರುವ ಟೋಕಿಯೊ ನ್ಯಾಷನಲ್ ಮ್ಯೂಸಿಯಂ. ಚಿತ್ರ ಮಾತ್ರ ಸಿನಿಮಾಕ್ಕಾಗಿ ಹುಟ್ಟಿಸಿದ್ದು. ಬಿಡಿಸಿದ್ದು ಯಾರು ಅಂತ ಗೊತ್ತಿಲ್ಲ, ಯುದ್ಧ ಮತ್ತು ಬರಗಾಲದ ದಿನಗಳಲ್ಲಿ ಮೂಡಿದ ಚಿತ್ರ ಅನ್ನುತ್ತಾಳೆ ಚಿಕ್ಕಮ್ಮ. ಜಗತ್ತು ಹಾಳಾಗುತ್ತಿದ್ದಾಗ ಒಬ್ಬರು ಇಷ್ಟು ಶಾಂತವಾದ ಮುಖ ಬಿಡಿಸಿದರು.

ಚಿಯಾಕಿಯ ಕಾಲಕ್ಕೆ ಅದು ಉಳಿದಿಲ್ಲ. ಅದು ಇದ್ದದ್ದು ಖಚಿತವಾಗಿ ಗೊತ್ತಿರುವ ಜಾಗ, ಕಾಲ ಎರಡೂ ಇದೇ. ಅದಕ್ಕೇ ಬಂದ. ಯಾಕೆ ನೋಡಬೇಕಿತ್ತು ಅಂತ ಅವನು ಬಿಡಿಸಿ ಹೇಳುವುದಿಲ್ಲ. ಆದರೆ ಕಾಲವೇ ನಿಂತು, ಅಲುಗಾಡದೆ ನಿಂತುಹೋದ ಜನಜಂಗುಳಿಯ ನಡುವೆ ನಡೆಯುತ್ತ ಹೇಳುವ ಕೆಲವು ಮಾತಿದೆ. ನದಿ ನೆಲದ ಮೇಲೆ ಹರಿಯುವುದನ್ನು ಮೊದಲ ಸಲ ನೋಡಿದೆ, ಸೈಕಲ್ ಮೊದಲ ಸಲ ಹತ್ತಿದೆ, ಆಕಾಶ ಇಷ್ಟು ಅಗಲ ಅಂತ ಗೊತ್ತಿರಲಿಲ್ಲ, ಇಷ್ಟೊಂದು ಜನರನ್ನೂ ನೋಡಿರಲಿಲ್ಲ. ಅವನು ಬಂದ ಕಾಲ ಎಂಥದು ಅಂತ ಇಷ್ಟರಲ್ಲೇ ತಿಳಿಯುತ್ತದೆ. ಹಾಳಾದ ನಗರ, ಹೊಗೆ, ಬೆಂಕಿ ಏನನ್ನೂ ತೋರಿಸುವುದಿಲ್ಲ. ಭವಿಷ್ಯದ ಬಗ್ಗೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೆದರಿಸಿದ ಸಿನಿಮಾ ನನಗೆ ಬೇರೆ ನೆನಪಾಗುವುದಿಲ್ಲ.

ಮಕೊತೊ ಓಡುವ ಆ ಉದ್ದ ದೃಶ್ಯದ ವಿಶೇಷ ಏನು?

ಕ್ಯಾಮೆರಾ ಪಕ್ಕದಲ್ಲೇ ಸಾಗುತ್ತದೆ. ಹಿನ್ನೆಲೆ ಸರಿಯುತ್ತಲೇ ಇರುತ್ತದೆ. ಒಂದು ಹಂತದಲ್ಲಿ ಅವಳಿಗೆ ಸುಸ್ತಾಗಿ ವೇಗ ತಗ್ಗುತ್ತದೆ, ಚೌಕಟ್ಟಿನಿಂದ ಹಿಂದೆ ಬೀಳುತ್ತಾಳೆ. ಕ್ಯಾಮೆರಾ ಕಾಯುವುದಿಲ್ಲ, ಮುಂದೆ ಹೋಗುತ್ತಲೇ ಇರುತ್ತದೆ. ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಓಡಿ ಚೌಕಟ್ಟಿನೊಳಗೆ ಬರುತ್ತಾಳೆ, ಅದನ್ನೂ ದಾಟುತ್ತಾಳೆ. ಕಪ್ಪುಹಲಗೆಯ ಮೇಲೆ ಬರೆದಿದ್ದ ‘ಕಾಲ ಯಾರಿಗೂ ಕಾಯುವುದಿಲ್ಲ’ ಅನ್ನುವ ಸಾಲನ್ನು ಹೊಸೊದಾ ಒಂದು ಮಾತೂ ಇಲ್ಲದೆ ತೋರಿಸಿದ್ದು ಹೀಗೆ.

ಕೊನೆಗೆ ಚಿಯಾಕಿ ಹೇಳಿದ್ದರ ಅರ್ಥ ಏನು? ಅವರು ಮತ್ತೆ ಸಿಗುತ್ತಾರಾ?

‘ಭವಿಷ್ಯದಲ್ಲಿ ಕಾಯುತ್ತಿರುತ್ತೇನೆ’ ಅನ್ನುತ್ತಾನೆ ಅವನು. ‘ಹೂಂ, ಈಗಲೇ ಬರ್ತೀನಿ, ಓಡಿ ಬರ್ತೀನಿ’ ಅನ್ನುತ್ತಾಳೆ ಅವಳು. ಅವನ ಕಾಲಕ್ಕೆ ಅವಳು ಬದುಕಿರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿದೆ. ಭೇಟಿಯಾಗುವುದು ಆ ಚಿತ್ರದ ಮೂಲಕ. ಅವನ ಕಾಲದವರೆಗೆ ಅದನ್ನು ಉಳಿಸುತ್ತೇನೆ ಅಂತ ಅವಳು ಮಾತು ಕೊಟ್ಟಿದ್ದಾಳೆ. ಏನು ಓದಬೇಕು, ಏನಾಗಬೇಕು ಅಂತ ತಿಳಿಯದ ಹುಡುಗಿ ಕೊನೆಗೆ, ತನಗೆ ಮಾಡಬೇಕಾದ್ದು ಸಿಕ್ಕಿದೆ ಅಂತ ಗೆಳೆಯನ ಹತ್ತಿರ ಹೇಳುತ್ತಾಳೆ. ಏನು ಅಂತ ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ. ಚಿಕ್ಕಮ್ಮನ ಹಾಗೆ ಚಿತ್ರಗಳನ್ನು ಕಾಪಾಡುವ ಕೆಲಸ ಅಂತ ನಾನು ನಂಬಿದ್ದೇನೆ.

2010ರ ಸಿನಿಮಾ ಇದರ ಮುಂದಿನ ಭಾಗವಾ?

ಅಲ್ಲ. ಅದು ನಟರನ್ನಿಟ್ಟು ತೆಗೆದ ಬೇರೆ ಕಥೆ, ಕಜುಕೊಳ ಮಗಳದು. ಗೊಂದಲಕ್ಕೆ ಕಾರಣ ನಟಿ ರೀಸಾ ನಾಕಾ. ಈ ಅನಿಮೇಷನ್‌ನಲ್ಲಿ ಮಕೊತೊಗೆ ಧ್ವನಿ ಕೊಟ್ಟವರು ಅವರೇ, ಆಗಿನ್ನೂ ಹದಿಹರೆಯದವರು. 2010ರದರಲ್ಲಿ ನಾಯಕಿಯಾಗಿ ನಟಿಸಿದವರೂ ಅವರೇ.

ಜಪಾನೀ ಧ್ವನಿಯಲ್ಲಿ ನೋಡಲಾ, ಇಂಗ್ಲಿಷ್‌ನಲ್ಲಾ?

ಜಪಾನೀ. ರೀಸಾ ನಾಕಾ ಅವರ ಆ ಒಡೆದ ಅಳು, ಗಂಟಲು ಬಿಟ್ಟು ನಗುವ ನಗು ಬೇರೆ ಯಾವ ಧ್ವನಿಯಲ್ಲೂ ಹಾಗೆ ಕೇಳಿಸುವುದಿಲ್ಲ.

ಇದು ಹಿಡಿಸಿದರೆ ಮುಂದೆ ಏನು ನೋಡಲಿ?

ಹೊಸೊದಾ ಅವರದೇ ‘ಸಮ್ಮರ್ ವಾರ್ಸ್’ (2009), ‘ವುಲ್ಫ್ ಚಿಲ್ಡ್ರನ್’ (2012). ಎರಡರ ಬರವಣಿಗೆಯಲ್ಲೂ ಒಕುದೆರಾ ಇದ್ದಾರೆ, ಪಾತ್ರಗಳ ರೂಪ ಸದಾಮೊತೊ ಅವರದು. ಒಂದನ್ನೇ ನೋಡಲು ಟೈಮ್ ಇದ್ದರೆ ‘ವುಲ್ಫ್ ಚಿಲ್ಡ್ರನ್’ ನೋಡಿ. ಕಾಲದಲ್ಲಿ ಹೋಗಿಬರುವ ಕಥೆಯೇ ಬೇಕಿದ್ದರೆ 2018ರ ‘ಮಿರಾಯ್’ ಇದೆ. ಅದರ ನಾಯಕ ನಾಲ್ಕು ವರ್ಷದ ಪುಟ್ಟ ಹುಡುಗ.